ಮಾಲವ್ವ ನೋಡದೆ ಬಿಟ್ಟ ಕಾಲು

ಮಾಲವ್ವ ಯಾರ ಮುಖವನ್ನೂ ನೋಡಿ ಮಾತಾಡಿದವಳಲ್ಲ. ಕಟ್ಟೆಯ ಮುಂದೆ ಯಾರು ಬಂದು ನಿಂತರೂ ಆಕೆಯ ಕಣ್ಣು ನೆಲದ ಮೇಲೆಯೇ. ಮೊದಲು ಚಪ್ಪಲಿ, ಆಮೇಲೆ ಹೆಬ್ಬೆರಳು, ಆಮೇಲೆ ಹಿಮ್ಮಡಿ. ಅಷ್ಟು ನೋಡಿ ಮುಗಿಸುವ ಹೊತ್ತಿಗೆ ಬಂದವರು ಯಾರು, ಯಾವ ಮನೆಯವರು, ಮನೆಯಲ್ಲಿ ಜಗಳವಾಡಿ ಬಂದಿದ್ದಾರೋ ಉಂಡು ಬಂದಿದ್ದಾರೋ ಎಲ್ಲವೂ ಆಕೆಗೆ ಗೊತ್ತಾಗಿರುತ್ತಿತ್ತು. "ಯಾಕ ತಮ್ಮಾ, ಬಲಗಾಲ ಎಳ್ಯಾಕತ್ತೀದಿ? ಗಾಡಿ ಮ್ಯಾಲಿಂದ ಬಿದ್ದೇನ?" ಎಂದು ಒಮ್ಮೆ ನನ್ನ ಪಾದಗಳನ್ನು ವಿಚಾರಿಸಿಕೊಂಡಿದ್ದಳು. ನಾನು ಹೆಂಡತಿಗೂ ಹೇಳದೆ ಮುಚ್ಚಿಟ್ಟಿದ್ದ ಸಂಗತಿ ಅದು. ಹನ್ನೊಂದು ವರ್ಷದ ಪರಿಚಯದಲ್ಲಿ ಆಕೆ ನನ್ನ ಮುಖ ನೋಡಿದ್ದು ಎರಡೇ ಸಲ. ಆ ಎರಡು ನೋಟಗಳು ಇನ್ನೂ ನನ್ನ ಬೆನ್ನು ಬಿಟ್ಟಿಲ್ಲ.

ಶುರುವಿಗೇ ಒಂದು ಮಾತು ಹೇಳಿಬಿಡುತ್ತೇನೆ. ಇಲ್ಲಿಯ ಹೆಸರುಗಳನ್ನೆಲ್ಲ ಬದಲಿಸಿದ್ದೇನೆ. ನಮ್ಮೂರು ಅಥಣಿ ಕಡೆಯದು ಎಂಬುದಷ್ಟೇ ನಿಮಗೆ ಸಾಕು. ನಿಪ್ಪಾಣಿ ಎಂದು ಬರೆದ ಜಾಗದಲ್ಲಿ ನಿಜವಾಗಿ ನಿಪ್ಪಾಣಿ ಇದೆ ಎಂದು ನಂಬಬೇಡಿ. ಮಾಲವ್ವನ ಹೆಸರೊಂದನ್ನಾದರೂ ಇದ್ದಂತೆ ಇಡೋಣವೆಂದುಕೊಂಡೆ, ಕೊನೆಗೆ ಅದನ್ನೂ ಬದಲಿಸಿದೆ. ಇಷ್ಟೆಲ್ಲ ಮುಚ್ಚುಮರೆ ಯಾಕೆಂಬುದು ಮುಂದೆ ತಿಳಿಯುತ್ತದೆ.

ಊರಿನ ಪೂರ್ವಕ್ಕೆ ಚಪ್ಪಲಿ ಮಾಡುವವರ ಓಣಿ ಮೊದಲಿನಿಂದಲೂ ಇತ್ತು. ಅದರಾಚೆ ಕಬ್ಬಿನ ಹೊಲ. ಆ ಹೊಲಗಳನ್ನು ಬಿನ್‌ಶೇತಿ, ಅಂದರೆ ಬೇಸಾಯಕ್ಕಲ್ಲದ ಜಮೀನು, ಮಾಡಿಸಿ, ಕಲ್ಲು ನೆಟ್ಟು, ಮನೆ ಕಟ್ಟುವ ಜಾಗಗಳನ್ನಾಗಿ ಮಾರಿದರು. ಅದಕ್ಕೆ ಚೆಂದದ ಹೆಸರಿನ ಕಮಾನು ಇದ್ದರೂ ಎಲ್ಲರ ಬಾಯಲ್ಲಿ ಅದು ಬರೀ 'ಪ್ಲಾಟು'. ಮೇಷ್ಟ್ರು, ಕಾರ್ಖಾನೆಯ ಗುಮಾಸ್ತರು, ದ್ರಾಕ್ಷಿ ತೋಟದ ಗೌಡರು ಬಂದು ಮನೆ ಕಟ್ಟಿದರು. ಪ್ಲಾಟು ಮುಗಿದು ಓಣಿ ಶುರುವಾಗುವ ಮೂಲೆಯಲ್ಲಿ ನಾನು ಝೆರಾಕ್ಸ್ ಅಂಗಡಿ ಹಾಕಿದೆ. ಕಂಪ್ಯೂಟರಿನಲ್ಲಿ ಅರ್ಜಿ ಬರೆದುಕೊಡುವುದೂ ನನ್ನದೇ ಕೆಲಸ. ಅಂಗಡಿಗೆ ಎದುರಾಗಿ ಮಾಲವ್ವನ ಮನೆ. ಮನೆಯ ಮುಂದೆ ಹಾಸುಗಲ್ಲಿನ ಕಟ್ಟೆ, ಕಟ್ಟೆಯ ಮೇಲೆ ಮರದ ದಿಮ್ಮಿ, ಮಗ್ಗುಲಲ್ಲಿ ಚರ್ಮ ನೆನೆಹಾಕಿದ ಬೋಗುಣಿ.

ಗಂಡ ಬದುಕಿದ್ದಾಗ ಅಟ್ಟೆ ಕತ್ತರಿಸುವುದು ಅವನ ಕೆಲಸವಾಗಿತ್ತು, ಪಟ್ಟಿ ಹೆಣೆದು ಹೊಲಿಯುವುದು ಈಕೆಯದು. ಅವನು ಹೋದ ಮೇಲೆ ಎರಡನ್ನೂ ಈಕೆಯೇ ಮಾಡಿದಳು. ಅಳತೆಗೆ ಟೇಪು ಇಲ್ಲ, ಪಟ್ಟಿ ಇಲ್ಲ. ನಡೆದು ತೋರಿಸಿ ಎನ್ನುತ್ತಿದ್ದಳು. ನಾಲ್ಕು ಹೆಜ್ಜೆ ಹೋಗಿ ಹೊಳ್ಳಿ ಬಂದರೆ ಮುಗಿಯಿತು, ವಾರದ ಮೇಲೆ ಬಂದು ಹಾಕಿಕೊಂಡರೆ ಹುಟ್ಟಿದಾಗಿನಿಂದ ಅದೇ ಕಾಲಲ್ಲಿದ್ದಂಥ ಚಪ್ಪಲಿ. ಮುಖ ಯಾಕೆ ನೋಡುವುದಿಲ್ಲ ಎಂದು ನಾನು ಕೇಳಿದ್ದಕ್ಕೆ, "ಮಾರಿಗೆ ಎಲ್ಲಾರೂ ಪೌಡರ್ ಹಚ್ಚತಾರ. ಹಿಮ್ಮಡಿಗೆ ಯಾರ್ ಹಚ್ಚತಾರ ಹೇಳು?" ಎಂದಿದ್ದಳು.

ಆಕೆಗೆ ಸಿಟ್ಟು ತರಿಸುತ್ತಿದ್ದ ಸಂಗತಿ ಒಂದೇ. ಪ್ಲಾಟಿನ ಆ ತುದಿಗೆ ಶನಿದೇವರ ಗುಡಿ ಇದೆ. ಶನಿವಾರ ಅಲ್ಲಿ ಚಪ್ಪಲಿ ಬಿಟ್ಟು, ಹೊಳ್ಳಿ ನೋಡದೆ ಬರಿಗಾಲಲ್ಲಿ ಮನೆಗೆ ಬಂದರೆ ಕಾಲಿಗೆ ಅಂಟಿದ ಪೀಡೆ ಅಲ್ಲೇ ಉಳಿಯುತ್ತದೆಂದು ನಮ್ಮ ಕಡೆ ನಂಬಿಕೆ. ಹರಿದದ್ದು, ಸವೆದದ್ದು ಎಲ್ಲ ಅಲ್ಲಿ ರಾಶಿ ಬೀಳುತ್ತದೆ. ಸೋಮವಾರ ಪುರಸಭೆಯ ಗಾಡಿ ಬಂದು ತುಂಬಿಕೊಂಡು ಹೋಗುತ್ತದೆ. ಮಾಲವ್ವ ಭಾನುವಾರ ನಸುಕಿನಲ್ಲಿ ಹೋಗಿ ಆ ರಾಶಿಯನ್ನು ಕೆದಕುತ್ತಿದ್ದಳು. ತಾನು ಮಾಡಿದ್ದು ಏನಾದರೂ ಕಂಡರೆ ಎತ್ತಿಕೊಂಡು ಬಂದು ಬಿಡಿಸಿ, ಅಟ್ಟೆಯನ್ನೋ ಗೊಂಡೆಯನ್ನೋ ಇನ್ನೊಂದಕ್ಕೆ ಕೂಡಿಸುತ್ತಿದ್ದಳು. "ಶನಿ ಏನ ಕಾಲ್ಮರಿ ಅಂಗಡಿ ಇಟ್ಟಾನೇನು? ನನ್ನ ಕೈ ಕೆಲಸ ಅಂದ್ರ ಪೀಡಾ ಅನಸ್ತೈತಿ ಇವರಿಗೆ" ಎಂದು ಬೈಯುತ್ತಿದ್ದಳು. ಕಾಲ್ಮರಿ ಎಂದರೆ ನಮ್ಮಲ್ಲಿ ಚಪ್ಪಲಿಯೇ.

ಪತ್ತೇದಾರಿಕೆಯ ಹೆಸರು ಆಕೆಗೆ ಬಂದದ್ದು ಪ್ಲಾಟಿಗೆ ಕಾಂಕ್ರೀಟು ರಸ್ತೆ ಹಾಕಿದ ವರ್ಷ. ಮೇಷ್ಟ್ರ ಹೊಸ ಮನೆಯಿಂದ ತಾಮ್ರದ ವೈರಿನ ಸುರುಳಿ ಕಳುವಾಯಿತು. ಕದ್ದವನು ಹಸಿ ಕಾಂಕ್ರೀಟಿನ ಮೇಲೆ ಮೂರು ಹೆಜ್ಜೆ ಮೂಡಿಸಿ ಹೋಗಿದ್ದ. ಪ್ಲಾಟಿನವರೆಲ್ಲ ಅದರ ಸುತ್ತ ನಿಂತು ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾಗ ಮಾಲವ್ವ ಬಂದಳು, ಬಗ್ಗಿ ನೋಡಿದಳು, ಎದ್ದು ಹೊರಟುಹೋದಳು. ಮರುದಿನ ಬೆಳಿಗ್ಗೆ ವೈರಿನ ಸುರುಳಿ ಮೇಷ್ಟ್ರ ಬಾಗಿಲಲ್ಲಿತ್ತು. ಎಡಗಾಲನ್ನು ಹೊರಚೆಲ್ಲಿ ನಡೆಯುವವನು ಪ್ಲಾಟಿಗೆಲ್ಲ ಒಬ್ಬನೇ, ಅಲ್ಲಿಯ ಕಾವಲುಗಾರ. ಮಾಲವ್ವ ಅವನ ಗುಡಿಸಲಿಗೆ ಹೋಗಿ, "ನಿನ್ನ ಕಾಲ ರಸ್ತ್ಯಾಗ ಬಿಟ್ಟ ಬಂದೀದಿ, ಹೋಗಿ ತಗೊಂಡ ಬಾ" ಎಂದಷ್ಟೇ ಹೇಳಿ ಬಂದಿದ್ದಳಂತೆ. ಅವನ ಹೆಸರನ್ನು ಆಕೆ ಯಾರಿಗೂ ಬಿಡಲಿಲ್ಲ. ಅವನೇ ಮುಂದೊಂದು ದಿನ ನನ್ನ ಅಂಗಡಿಯಲ್ಲಿ ಕೂತು ಹೇಳಿಕೊಂಡದ್ದರಿಂದ ನನಗೆ ಗೊತ್ತಾಯಿತು.

ಅಂದಿನಿಂದ ಕೋಳಿ ಕಳೆದರೂ ಕೊಡಪಾನ ಕಳೆದರೂ ಪ್ಲಾಟಿನವರು ಮಾಲವ್ವನ ಕಟ್ಟೆಗೆ ಬರತೊಡಗಿದರು. ನಾನು ಆಕೆಯನ್ನು "ಫೌಜದಾರ್ ಆಯಿ" ಎಂದು ಕಾಡುತ್ತಿದ್ದೆ. ಆಕೆಗೆ ಅದು ಹಿಡಿಸುತ್ತಿತ್ತು. ನನ್ನ ಮೊಣಕಾಲ ಕಡೆ ನೋಡಿ ನಗುತ್ತಿದ್ದಳು.

ಪ್ಲಾಟಿನಲ್ಲಿ ಎಲ್ಲಕ್ಕಿಂತ ದೊಡ್ಡ ಮನೆ ನೀಲವ್ವನವರದು. ದ್ರಾಕ್ಷಿ ತೋಟ, ಒಣದ್ರಾಕ್ಷಿಯ ಶೆಡ್ಡು, ಎರಡು ಟ್ರ್ಯಾಕ್ಟರು. ನೀಲವ್ವ ಗಂಡನಿಲ್ಲದ ಹೆಂಗಸು, ಮಾತು ಕಡಿಮೆ. ಬೇಸಿಗೆಯಲ್ಲಿ ಗೇಟಿನ ಹೊರಗೆ ಮಜ್ಜಿಗೆಯ ಕೊಡ ಇಟ್ಟುಕೊಂಡು ಕೂತು, ಹಾದು ಹೋಗುವವರಿಗೆಲ್ಲ ಕುಡಿಸುತ್ತಿದ್ದಳು. ಆಕೆಯ ಎಡಗಾಲಿನ ಹೆಬ್ಬೆರಳ ಮಗ್ಗುಲಲ್ಲಿ ಎಲುಬಿನ ಗಂಟು. ಅದಕ್ಕೆ ಚುಚ್ಚಬಾರದೆಂದು ಮಾಲವ್ವ ಆಕೆಯ ಎಡ ಚಪ್ಪಲಿಗೆ ಮಾತ್ರ ಆಡಿನ ಮೆತ್ತನೆಯ ಚರ್ಮದ ತುಂಡೊಂದನ್ನು ಒಳಗಿನಿಂದ ಹೊಲಿದು ಕೊಡುತ್ತಿದ್ದಳು. ಅಂಥ ಜೋಡು ಊರಿಗೆಲ್ಲ ಒಂದೇ ಇತ್ತು. ಅಳತೆ ಕೊಡುವುದು, ಚಪ್ಪಲಿ ಒಯ್ಯುವುದು ಎಲ್ಲ ಗೇಟಿನ ಹೊರಗೇ ನಡೆಯುತ್ತಿತ್ತು. ಮಾಲವ್ವ ಆ ಗೇಟನ್ನು ದಾಟಿದವಳಲ್ಲ. ದಾಟು ಎಂದು ಯಾರೂ ಅಂದಿರಲೂ ಇಲ್ಲ.

ಆ ಮನೆಯ ಸೊಸೆ ಸವಿತಾ. ರಾಯಬಾಗ ತಾಲೂಕಿನ ಅಲಖನೂರಿನ ಹುಡುಗಿ. ತವರಿನಲ್ಲಿ ತಾಯಿಯೊಬ್ಬಳನ್ನು ಬಿಟ್ಟರೆ ಯಾರೂ ಇರಲಿಲ್ಲ. ಮದುವೆಯಾದ ವರ್ಷ ಮಾಲವ್ವನ ಕೈಯಲ್ಲಿ ಕೆಂಪು ಗೊಂಡೆಯ ಚಪ್ಪಲಿ ಮಾಡಿಸಿಕೊಂಡಿದ್ದಳು. ಅಂಥದೇ ಎರಡನೆಯ ಜೋಡು ಮಾಡಿಸುವ ಹೊತ್ತಿಗೆ ಮಾಲವ್ವ ನನ್ನ ಬಳಿ ಬಂದು, "ಆ ಹುಡಿಗಿ ನಡಿಗಿ ಬದಲಾಗೈತಿ ತಮ್ಮಾ. ಬಲಗಾಲ ಊರಾಕ ಅಂಜತಾಳ. ಯಾರೋ ಒದ್ದ ಕಾಲ ಅದು" ಎಂದಳು. ಗಂಡ ಅಶೋಕನ ಕೈ ಕಾಲು ಉದ್ದ ಎಂಬುದು ಪ್ಲಾಟಿನಲ್ಲಿ ಗುಟ್ಟೇನಾಗಿರಲಿಲ್ಲ. ಗುಟ್ಟಲ್ಲದ್ದರಿಂದಲೇ ಯಾರೂ ಆಡುತ್ತಿರಲಿಲ್ಲ. ನಾನೂ, "ಗಂಡ ಹೆಂಡ್ತಿ ನಡುವ ನಾವ್ಯಾಕ ಆಯಿ" ಎಂದೆ. ಆ ಮಾತಿಗೆ ಈಗ ನನಗೆ ನಾಚಿಕೆಯಾಗುತ್ತದೆ.

ಒಂದು ಭಾನುವಾರ ಸವಿತಾ ಮನೆಯಲ್ಲಿಲ್ಲ ಎಂಬ ಸುದ್ದಿ ಹಬ್ಬಿತು. ಯಾವನೊಂದಿಗೋ ಓಡಿಹೋಗಿದ್ದಾಳೆ ಎಂದು ಅಶೋಕ ತಾನೇ ಹೇಳಿಕೊಂಡು ತಿರುಗಿದ. "ಸಿಗಲಿ, ಅಲ್ಲೇ ಹುಗೀತೀನಿ" ಎಂದು ಜೀಪು ಮಾಡಿಕೊಂಡು ಸಾಂಗ್ಲಿ, ಮೀರಜ ಎಲ್ಲ ಸುತ್ತಿ ಬಂದ. ಪ್ಲಾಟಿನ ಹೆಂಗಸರು ಆ ಹುಡುಗಿಯ ಬಗ್ಗೆ ಏನೆಲ್ಲ ಆಡಿದರೋ ನಾನು ಬರೆಯಲಾರೆ.

ಅದೇ ಭಾನುವಾರದ ನಸುಕಿನಲ್ಲಿ ಮಾಲವ್ವನಿಗೆ ಶನಿ ಗುಡಿಯ ರಾಶಿಯಲ್ಲಿ ಕೆಂಪು ಗೊಂಡೆಯ ಜೋಡು ಸಿಕ್ಕಿತ್ತು. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡು ನನ್ನ ಅಂಗಡಿಗೆ ತಂದು, ಝೆರಾಕ್ಸ್ ಮಷಿನ್ನಿನ ಗಾಜಿನ ಮೇಲೆಯೇ ಇಟ್ಟಳು.

"ನೋಡ ತಮ್ಮಾ. ನಾಕ ತಿಂಗಳ ಸುದ್ದಾ ಆಗಿಲ್ಲ. ಹೊಸಾ ಕಾಲ್ಮರಿ ಯಾರರ ಶನಿಗೆ ಬಿಡ್ತಾರೇನು? ಓಡಿ ಹೋಗಾಕಿ ಬರಿಗಾಲಿಲೆ ಹೋಗ್ತಾಳೇನು? ರಾಶ್ಯಾಗ ಬಿದ್ರ ಯಾರಿಗೂ ಗುರ್ತ ಹತ್ತೂದಿಲ್ಲ ಅಂತ ಯಾರೋ ಒಗದಾರ."

ಆಕೆಯ ತರ್ಕದಲ್ಲಿ ನನಗೆ ಒಂದು ಬಿರುಕೂ ಕಾಣಲಿಲ್ಲ. ಮುಂದಿನ ಎರಡು ವಾರ ಮಾಲವ್ವ ಚೀಲ ಹೆಗಲಿಗೆ ಹಾಕಿಕೊಂಡು, ಹರಿದದ್ದು ಏನಾದರೂ ಇದ್ದರೆ ಹೊಲಿದು ಕೊಡುತ್ತೇನೆಂದು ಪ್ಲಾಟಿನ ಮನೆ ಮನೆಗೂ ಹೋದಳು. ಕೈ ಹೊಲಿಯುತ್ತಿತ್ತು, ಕಿವಿ ಕೇಳುತ್ತಿತ್ತು, ಕಣ್ಣು ಮೂಲೆಯಲ್ಲಿ ಬಿಟ್ಟ ಜೋಡುಗಳ ಮೇಲಿರುತ್ತಿತ್ತು. ರಸ್ತೆಯಲ್ಲಿ ಎದುರಾದ ಅಶೋಕನ ಬೂಟಿನ ಸಂದಿಯಲ್ಲಿ ಸಿಮೆಂಟು ಕಂಡಿತು. ವಿಚಾರಿಸಿದರೆ, ಸೊಸೆ ಕಾಣೆಯಾದ ವಾರವೇ ಆ ಮನೆಯ ಹಿತ್ತಲ ಬಚ್ಚಲಿಗೆ ಹೊಸ ನೆಲ ಹಾಕಿದ್ದರು.

ಇನ್ನೊಂದು ಸಂಗತಿಯನ್ನೂ ಇಲ್ಲೇ ಹೇಳಬೇಕು. ಸೊಸೆ ಹೋದ ದಿನದಿಂದ ನೀಲವ್ವ ಬರಿಗಾಲಲ್ಲಿ ನಡೆಯತೊಡಗಿದ್ದಳು. ಸೊಸೆ ಹೊಳ್ಳಿ ಬರುವವರೆಗೆ ಕಾಲಿಗೆ ಏನೂ ಹಾಕುವುದಿಲ್ಲವೆಂದು ಕೊಕಟನೂರಿನ ಯಲ್ಲಮ್ಮನಿಗೆ ಹರಕೆ ಹೊತ್ತಿದ್ದಾಳೆ ಎಂದರು. ನಮ್ಮ ಕಡೆ ಹರಕೆಯ ಕಾಲನ್ನು ಯಾರೂ ಪ್ರಶ್ನೆ ಮಾಡುವುದಿಲ್ಲ. ಬರಿಗಾಲಲ್ಲಿ ಹೋಗುವವರನ್ನು ಕಂಡರೆ ದಾರಿ ಬಿಟ್ಟು ಸರಿದು ನಿಲ್ಲುತ್ತೇವೆ, ಅಷ್ಟೇ. ಮಾಲವ್ವನೂ ಸರಿದು ನಿಂತಳು. ಊರಿನ ಕಾಲುಗಳನ್ನೆಲ್ಲ ಓದಿದವಳು ಆ ಎರಡು ಕಾಲುಗಳನ್ನು ಓದದೆ ಬಿಟ್ಟಳು.

ಅಲಖನೂರಿನಿಂದ ಸವಿತಾಳ ತಾಯಿಯನ್ನು ಕರೆಸಿ, ನನ್ನ ಅಂಗಡಿಯಲ್ಲಿ ಕೂಡಿಸಿ ಅರ್ಜಿ ಬರೆಸಿದೆವು. ಮಾಲವ್ವ ಹೇಳಿದ್ದು ಇಷ್ಟೇ: "ನಮಗ ಸಂಶಯ ಐತಿ, ನೀವು ಒಂದ ಸಲ ನೋಡ್ರಿ, ಅಂತ ಬರಿ." ಅರ್ಜಿಗೆ ಜೋರು ಇರಬೇಕು ಎಂಬುದು ನನ್ನ ಕಸುಬಿನ ಚಟ. ನಾನು ಬೆರಳಚ್ಚಿಸಿದ್ದು, 'ಸದರಿಯವಳನ್ನು ಕೊಲೆ ಮಾಡಿ ಬಚ್ಚಲಿನ ಕೆಳಗೆ ಹೂತಿರುವ ಬಲವಾದ ಸಂಶಯವಿದ್ದು' ಎಂದು. ಕೊಲೆ ಎಂಬ ಮಾತು ಮಾಲವ್ವನ ಬಾಯಿಂದ ಆ ತನಕ ಬಂದಿರಲಿಲ್ಲ. ಅದು ನನ್ನದು. ತಾಯಿ ಹೆಬ್ಬೆಟ್ಟು ಒತ್ತಿದಳು. ಅರ್ಜಿಯ ಫೋಟೋ ಯಾರದೋ ಮೊಬೈಲಿನಿಂದ ಯಾರದೋ ಮೊಬೈಲಿಗೆ ಹೋಗಿ, ಸಂಜೆಯೊಳಗೆ ಊರೆಲ್ಲ ಓದಿತ್ತು.

ಪೊಲೀಸರು ಬಂದು ಬಚ್ಚಲು ಅಗೆದ ದಿನ ಪ್ಲಾಟೆಲ್ಲ ಆ ಗೇಟಿನ ಮುಂದೆ ನೆರೆದಿತ್ತು. ಹೊಸ ನೆಲ ಒಡೆದರು, ಆಳುದ್ದ ಮಣ್ಣು ತೆಗೆದರು. ಒಡೆದದ್ದಕ್ಕೆ ಬದಲಿಸಿ ಬಿಟ್ಟಿದ್ದ ಹಳೆಯ ಕೊಳವೆಯ ತುಂಡಿನ ಹೊರತು ಏನೂ ಸಿಗಲಿಲ್ಲ. ಅಶೋಕ ಕೂಗಾಡುತ್ತಿದ್ದ. ನೀಲವ್ವ ಒಡೆದ ಸಿಮೆಂಟಿನ ಚೂರುಗಳ ಮೇಲೆ ಬರಿಗಾಲಲ್ಲಿ ನಿಂತಿದ್ದಳು.

ಏನೂ ಸಿಗದಿದ್ದರೆ ಮಾತು ನಿಲ್ಲುತ್ತದೆಂದು ನಾನು ತಿಳಿದಿದ್ದೆ. ಅದು ನಿಲ್ಲಲಿಲ್ಲ. ಬಚ್ಚಲಲ್ಲಿ ಇಲ್ಲದಿದ್ದರೆ ದ್ರಾಕ್ಷಿ ತೋಟದಲ್ಲಿರಬೇಕು ಎಂದರು. ಅಶೋಕನಿಗಿಂತ ಹೆಚ್ಚಾಗಿ ಆ ಮಾತು ಅಂಟಿಕೊಂಡಿದ್ದು ನೀಲವ್ವನಿಗೆ. ಸೊಸೆಯನ್ನು ನುಂಗಿದವಳು ಎಂದರು. ಕಾರ್ಯಗಳಿಗೆ ಕರೆಯುವುದನ್ನು ಬಿಟ್ಟರು. ಮುಂದಿನ ಬೇಸಿಗೆಯಲ್ಲಿ ಆಕೆ ಎಂದಿನಂತೆ ಗೇಟಿನ ಹೊರಗೆ ಮಜ್ಜಿಗೆಯ ಕೊಡ ಇಟ್ಟುಕೊಂಡು ಕೂತಳು. ಯಾರೂ ಕುಡಿಯಲಿಲ್ಲ. ನಾಲ್ಕನೆಯ ದಿನ ಕೊಡ ಒಳಗೆ ಹೋಯಿತು.

ಮಾಲವ್ವ ಮಾತ್ರ ಸೋಲಲಿಲ್ಲ. "ಕಾಲ್ಮರಿ ಸುಳ್ಳ ಹೇಳೂದಿಲ್ಲ" ಎಂದು ಹಟ ಹಿಡಿದು, ಚಿಕ್ಕೋಡಿಯ ದೊಡ್ಡ ಸಾಹೇಬರಿಗೆ ಇನ್ನೊಂದು ಅರ್ಜಿ ಬರೆಸಿದಳು. ಈ ಸಲ ತೋಟ ಅಗೆಯಬೇಕೆಂದು. ಮಳೆಗಾಲದ ಶುರು. ನಾವಿಬ್ಬರೂ ಚಿಕ್ಕೋಡಿಗೆ ಹೋಗಿ ಬಸ್ ನಿಲ್ದಾಣದಲ್ಲಿ ಇಳಿದೆವು. ಆಕೆಯನ್ನು ಬಾಕಿನ ಮೇಲೆ ಕೂಡಿಸಿ ನಾನು ಚಹಾ ತರಲು ಹೋದೆ. ಹೊಳ್ಳಿ ಬಂದಾಗ ಬಾಕಿನ ಮೇಲೆ ಅರ್ಜಿಯ ಲಕೋಟೆಯೊಂದೇ ಇತ್ತು.

ನಿಪ್ಪಾಣಿಯ ಬಸ್ಸು ನಿಲ್ಲುವ ಕಡೆ ಆಕೆ ಕಂಡಳು. ಮುಖಕ್ಕೆಲ್ಲ ಓಢಣಿ ಸುತ್ತಿಕೊಂಡ ಒಬ್ಬ ಹೆಂಗಸಿನ ಮುಂಗೈ ಹಿಡಿದು ನಿಂತಿದ್ದಳು. ಆ ಹೆಂಗಸು ಏನೋ ಹೇಳಿ, ಕೈ ಬಿಡಿಸಿಕೊಂಡು ಬಸ್ಸು ಹತ್ತಿದಳು. ಬಸ್ಸು ಹೊರಟಿತು. ಮಾಲವ್ವ ಹೆಜ್ಜೆ ಎಣಿಸುವವಳ ಹಾಗೆ ನಿಧಾನ ನಡೆದು ಬಂದು ನನ್ನೆದುರು ನಿಂತಳು, ತಲೆ ಎತ್ತಿ ನನ್ನ ಮುಖ ನೋಡಿದಳು. ಆಕೆಯ ಕಣ್ಣುಗಳು ಇಷ್ಟು ತಿಳಿಯಾಗಿವೆ ಎಂಬುದು ನನಗೆ ಅಂದೇ ಗೊತ್ತಾದದ್ದು.

"ಅರ್ಜಿ ಹರಿ ತಮ್ಮಾ."

"ಯಾಕ ಆಯಿ? ಯಾರ ಆಕಿ?"

"ಹರಿ ಅಂದ್ನೆಲ್ಲ."

ಹೊಳ್ಳಿ ಬರುವ ಬಸ್ಸಿನಲ್ಲಿ, ಅರ್ಧ ದಾರಿ ಕಳೆದ ಮೇಲೆ, ನನ್ನ ಚಪ್ಪಲಿಗಳಿಗೆ ಹೇಳುವಂತೆ ಮೆಲ್ಲಗೆ ಹೇಳಿದಳು. ಬಾಕಿನ ಮೇಲೆ ಕೂತಾಗ ಎದುರಿಗೆ ಒಂದು ಜೋಡು ಹಾದು ಹೋಯಿತಂತೆ. ಎಡ ಚಪ್ಪಲಿಯ ಒಳಗೆ ಆಡಿನ ಚರ್ಮದ ತುಂಡು. ನೀಲವ್ವನ ಚಪ್ಪಲಿ. ಒಳಗಿದ್ದ ಕಾಲು ಮಾತ್ರ ನೀಲವ್ವನದಲ್ಲ, ಸವಿತಾಳದು.

ಸವಿತಾ ಹೇಳಿದ್ದು ಇಷ್ಟು: ಆ ಶನಿವಾರ ಅಶೋಕ ತೋಟದಲ್ಲಿದ್ದಾಗ ಸೊಸೆಯನ್ನು ಗುಡಿಗೆ ಕರೆದುಕೊಂಡು ಹೋದವಳು ನೀಲವ್ವನೇ. ಸೀರೆಯ ಮಡಿಕೆಯಲ್ಲಿ ಬಸ್ಸಿನ ಖರ್ಚು ಕಟ್ಟಿಕೊಂಡು ಬಂದಿದ್ದಳು. "ಈ ಮನಿ ಪೀಡಾ ಇಲ್ಲೇ ಕಳಚಿ ಇಡು. ಹೊಳ್ಳಿ ನೋಡಬ್ಯಾಡ, ಹೊಳ್ಳಿ ಬರಬ್ಯಾಡ" ಎಂದು ಸೊಸೆಯ ಹೊಸ ಚಪ್ಪಲಿಯನ್ನು ಅಲ್ಲಿ ಬಿಡಿಸಿದಳು. ಬಿಟ್ಟವರು ಬರಿಗಾಲಲ್ಲಿ ಹೋಗಬೇಕಲ್ಲ. ಮಗನ ಒದೆತದಿಂದ ಬಾತ ಆ ಕಾಲನ್ನು ನೋಡಿ ನೀಲವ್ವನಿಗೆ ಮನಸ್ಸಾಗಲಿಲ್ಲ. ತನ್ನ ಕಾಲಿನವನ್ನು ಕಳಚಿ ಅವಳಿಗೆ ಹಾಕಿ ಕಳಿಸಿದಳು. ತಾನು ಬರಿಗಾಲಲ್ಲಿ ಮನೆಗೆ ಬಂದಳು. ಚಪ್ಪಲಿ ಎಲ್ಲಿ ಎಂದು ಮಗ ಕೇಳಿದಾಗ ಬಾಯಿಗೆ ಬಂದದ್ದು ಹರಕೆಯ ಮಾತಿರಬೇಕು. ಹೊಸದೊಂದನ್ನು ಕೊಂಡರೆ ಹಳೆಯದು ಎಲ್ಲಿ ಹೋಯಿತೆಂಬ ಪ್ರಶ್ನೆ ಮತ್ತೆ ಏಳುತ್ತದೆ. ಹಾಗಾಗಿ ಆ ಹರಕೆಯನ್ನು ಆಕೆ ನಡೆಸಲೇಬೇಕಾಯಿತು.

"ತಂಬಾಕಿನ ವಖಾರ್ಯಾಗ ದುಡ್ಯಾಕತ್ತಾಳಂತ" ಎಂದಳು ಮಾಲವ್ವ; ವಖಾರಿ ಎಂದರೆ ಗೋದಾಮು. "ಕುಂಟೂದ ನಿಂತೈತಿ ತಮ್ಮಾ ಆ ಕಾಲ" ಎಂದಳು. ಆಮೇಲೆ ಅಳತೊಡಗಿದಳು. ಬಸ್ಸಿನವರೆಲ್ಲ ನಮ್ಮನ್ನು ನೋಡಿದರು.

ಪೊಲೀಸರಿಗೆ ಹೇಳಿಬಿಡೋಣ, ನೀಲವ್ವನ ಹೆಸರಾದರೂ ತೊಳೆಯುತ್ತದೆ ಎಂದೆ ನಾನು.

"ಹೇಳು. ನಾಳೆ ಮುಂಜಾನೆ ಅಶೋಕ ನಿಪ್ಪಾಣ್ಯಾಗ ಇರ್ತಾನ. ಆಕಿ ನನ್ನ ಕೈ ಹಿಡಕೊಂಡ ಒಂದ ಕೇಳ್ಯಾಳ, 'ಅತ್ತ್ಯಾರ ಹೆಸರ ಎಲ್ಲೂ ತಗೀಬ್ಯಾಡ ಆಯಿ' ಅಂತ. ಒಂದ ಜೀವ ಇಟ್ಕೊ ತಮ್ಮಾ, ಇಲ್ಲಾ ಒಂದ ಹೆಸರ ಇಟ್ಕೊ. ಎರಡೂ ನಿನಗ ಸಿಗೂದಿಲ್ಲ."

ಮರುದಿನ ಅಲಖನೂರಿಗೆ ಹೋಗಿ, ಮಗಳು ಬದುಕಿದ್ದಾಳೆಂದು ತಾಯಿಯ ಕಿವಿಯಲ್ಲಿ ಹೇಳಿ ಬಂದಳು. ಆಮೇಲೆ ಒಂದು ಮಧ್ಯಾಹ್ನ ಅಶೋಕನ ಗಾಡಿ ಹೋದದ್ದು ನೋಡಿ, ನೀಲವ್ವನ ಗೇಟು ತೆಗೆದು ಒಳಗೆ ಹೋದಳು. ಅದು ಮೊದಲನೆಯ ಸಲ. ನಾನು ರಸ್ತೆಯ ಮೇಲೆ ಕಾವಲು ನಿಂತಂತೆ ನಿಂತಿದ್ದೆ. ನೀಲವ್ವ ಬಾಗಿಲಿಗೆ ಬಂದಳು. ಮಾಲವ್ವ ಕುಸಿದು ಕೂತು ಆಕೆಯ ಎರಡೂ ಪಾದ ಹಿಡಿದುಕೊಂಡಳು. ನೀಲವ್ವನಿಗೆ ಎಲ್ಲ ತಿಳಿಯಿತೆಂದು ಕಾಣುತ್ತದೆ.

"ಏಳ ಮಾಲವ್ವಾ, ಯಾರರ ನೋಡ್ಯಾರು" ಎಂದಳು. ಆಮೇಲೆ, "ಸಡ್ಲ ಆಗ್ಯಾವೇನ ಆಕಿಗೆ?" ಎಂದು ಕೇಳಿದಳು.

"ಒಂದ ಬೆರಳಷ್ಟ ಸಡ್ಲ ಅದಾವ್ರಿ ಅವ್ವಾರ."

"ಅರಿವಿ ತುರುಕಿ ಹಾಕ್ಕೋತಾಳ ಬಿಡು" ಎಂದು ನೀಲವ್ವ ಒಳಗೆ ಹೋದಳು. ಆ ಇಬ್ಬರ ನಡುವೆ ಈ ವಿಷಯವಾಗಿ ಆದ ಮಾತು ಅಷ್ಟೇ. ಮುಂದಿನ ಆರು ವರ್ಷದಲ್ಲಿ ಇನ್ನೊಂದು ಮಾತಾಗಲಿಲ್ಲ.

ಆ ಆರು ವರ್ಷ ಮಾಲವ್ವ ಹೇಗೆ ಬದುಕಿದಳೆಂಬುದನ್ನು ನಾನು ಎದುರಿನಿಂದ ನೋಡಿದ್ದೇನೆ. ನೀಲವ್ವ ದಿನಾ ಬೆಳಿಗ್ಗೆ ಊರೊಳಗಿನ ಗುಡಿಗೆ ಹೋಗುವುದು ಮಾಲವ್ವನ ಕಟ್ಟೆಯ ಮುಂದಿನ ರಸ್ತೆಯಲ್ಲೇ. ಬೇಸಿಗೆಯಲ್ಲಿ ಆ ಕಾಂಕ್ರೀಟು ಒಂಬತ್ತು ಗಂಟೆಗೇ ಕಾದ ಹಂಚಿನಂತಾಗುತ್ತದೆ. ಆಕೆ ರಸ್ತೆಯ ಅಂಚಿನ ಮಣ್ಣಿನ ಮೇಲೆ ಬೆರಳು ಮಡಚಿ ನಡೆಯುತ್ತಿದ್ದಳು. ಮೊದಮೊದಲು ಮಾಲವ್ವ ಆ ಹೊತ್ತಿಗೆ ಎದ್ದು ಒಳಗೆ ಹೋಗುತ್ತಿದ್ದಳು. ಆಮೇಲೆ ದಿಮ್ಮಿಯನ್ನೇ ತಿರುಗಿಸಿ, ಗೋಡೆಗೆ ಮುಖ ಮಾಡಿ ಕೂತಳು. ಅದೂ ಉಪಯೋಗವಾಗಲಿಲ್ಲ. "ಸಪ್ಪಳ ಕೇಳತೈತಿ ತಮ್ಮಾ. ಬರಿಗಾಲಿಗೆ ಸಪ್ಪಳ ಇರೂದಿಲ್ಲ ಅಂತಾರ, ನನಗ ಕೇಳತೈತಿ" ಎನ್ನುತ್ತಿದ್ದಳು. ಒಮ್ಮೊಮ್ಮೆ ಹೊಲಿಯುತ್ತ ಕೂತವಳು ಇದ್ದಕ್ಕಿದ್ದಂತೆ, "ಹಿಮ್ಮಡಿ ಒಡದ ರಕ್ತ ಬರಾಕತ್ತೈತಿ ಇವತ್ತ" ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಹೋಗಿ ನೋಡಿದರೆ ರಸ್ತೆಯ ಮೇಲೆ ಸಣ್ಣ ಕೆಂಪು ಚುಕ್ಕೆ ಇರುತ್ತಿತ್ತು.

ಪತ್ತೇದಾರಿಕೆ ನಿಂತಿತು. ಮೇಷ್ಟ್ರ ಮನೆಯಲ್ಲಿ ಗ್ಯಾಸಿನ ಸಿಲಿಂಡರು ಕಳುವಾದಾಗ ಬಂದು ಕರೆದರು. "ನನ್ನ ಕಣ್ಣ ಹೋಗ್ಯಾವ್ರಿ ಸರ್" ಎಂದಳು. ಕಣ್ಣು ಹೋಗಿರಲಿಲ್ಲ, ದಬ್ಬಳಕ್ಕೆ ದಾರ ಪೋಣಿಸುತ್ತಲೇ ಹಾಗೆ ಹೇಳಿದ್ದಳು. ಫೌಜದಾರ್ ಆಯಿ ಎಂದು ಕರೆಯುವುದನ್ನು ನಾನೂ ಬಿಟ್ಟೆ.

ಒಂದು ಪ್ರಶ್ನೆ ಆಕೆಯನ್ನು ತಿನ್ನುತ್ತಿತ್ತು. "ಆ ವೈರ್ ಕದ್ದಾಂವನ ಮನಿಗೆ ನಾನೇ ಹೋಗಿ ಕೇಳಿದ್ದೆ. ಇಲ್ಲಿ ಯಾಕ ಕೇಳಲಿಲ್ಲ? ಹೋಗಿ, 'ಅವ್ವಾರ, ನಿಮ್ಮ ಕಾಲ್ಮರಿ ಎಲ್ಲ್ಯಾವು' ಅಂತ ಒಂದ ಮಾತ ಕೇಳಿದ್ರ ಸಾಕಿತ್ತು. ಗೇಟ ದಾಟಾಕ ಅಂಜಿದೆ ತಮ್ಮಾ. ಅಂಜಿ, ಊರಿಗೆ ಹೇಳಿದೆ." ಗೇಟು ಕಟ್ಟಿದವರು ಯಾರು, ಅದನ್ನು ದಾಟಬಾರದೆಂದು ಆಕೆಗೆ ಕಲಿಸಿದವರು ಯಾರು ಎಂದು ನಾನು ಹೇಳಬಹುದಿತ್ತು. ಕೊಲೆ ಎಂದು ಬರೆದವನು ನಾನು ಎಂದೂ ಹೇಳಬಹುದಿತ್ತು. ಎರಡನ್ನೂ ಹೇಳಲಿಲ್ಲ. ಆಕೆಗೆ ಓದಲು ಬರುತ್ತಿರಲಿಲ್ಲ. ಅರ್ಜಿಯಲ್ಲಿ ಆ ಶಬ್ದವಿತ್ತೆಂದು ಆ ದಿನ ಊರೆಲ್ಲ ಆಡಿಕೊಂಡಿದ್ದು ಆಕೆಯ ಕಿವಿಗೂ ಬಿದ್ದಿರಬೇಕು. ಆದರೂ ನನ್ನನ್ನು ಒಂದು ದಿನವೂ ಕೇಳಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಕಳೆದ ವರ್ಷ ಮಳೆ ಹಿಡಿದ ಮೇಲೆ ಮಾಲವ್ವ ಹಾಸಿಗೆ ಹಿಡಿದಳು. ಕೆಮ್ಮು, ಉಬ್ಬಸ. ಹಾರೂಗೇರಿಯಿಂದ ಮಗಳು ಬಂದು ನೋಡಿಕೊಳ್ಳುತ್ತಿದ್ದಳು. ಒಂದು ಮಧ್ಯಾಹ್ನ ನನ್ನನ್ನು ಕರೆಸಿದಳು. ತಲೆದಿಂಬಿನ ಬದಿಯಿಂದ ಹಳೆಯ ಧೋತರದಲ್ಲಿ ಸುತ್ತಿದ ಗಂಟು ತೆಗೆದು ನನ್ನ ಕೈಗೆ ಕೊಟ್ಟಳು. ಬಿಚ್ಚಿ ನೋಡಿದೆ. ಹೊಸ ಜೋಡು. ಎಡ ಚಪ್ಪಲಿಯ ಒಳಗೆ ಆಡಿನ ಮೆತ್ತನೆಯ ಚರ್ಮ. ಹೊಲಿಗೆ ಒಂದು ಎಳೆಯಷ್ಟೂ ಆಚೀಚೆ ಆಗಿರಲಿಲ್ಲ.

"ಅವ್ವಾರ ಹರಕಿ ಮುಗದ ದಿವಸ ಕೊಡು."

"ಅದ ಯಾವಾಗ ಮುಗೀತೈತಿ ಆಯಿ?"

ಆಗ ಎರಡನೆಯ ಸಲ ತಲೆ ಎತ್ತಿ ನನ್ನ ಮುಖ ನೋಡಿದಳು. ಅಶೋಕ ಬದುಕಿರುವ ತನಕ, ಸವಿತಾ ಬದುಕಿರುವ ತನಕ ಅದು ಮುಗಿಯುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು. "ವರ್ಷಕ್ಕ ಎರಡ ಸಲ ಔಡಲ ಎಣ್ಣಿ ಹಚ್ಚು. ಚರ್ಮ ಒಣಗಿದ್ರ ಆಕಿ ಗಂಟಿಗೆ ಕಚ್ಚತೈತಿ" ಎಂದಳು. ಎಂಟು ದಿನದ ಮೇಲೆ ತೀರಿಕೊಂಡಳು. ಮಣ್ಣಿಗೆ ಪ್ಲಾಟಿನ ಜನ ಬಂದಿದ್ದರು. ನೀಲವ್ವ ಓಣಿಯೊಳಗೆ ಬರಲಿಲ್ಲ, ರಸ್ತೆಯ ತಿರುವಿನಲ್ಲಿ ಮಳೆಯಲ್ಲಿ ನಿಂತಿದ್ದಳು. ಕಾಲುಗಳು ಕೆಸರಿನಲ್ಲಿ ಮುಚ್ಚಿಹೋಗಿದ್ದವು.

ಈ ಬೇಸಿಗೆಯಲ್ಲಿ ಒಂದು ದಿನ ನೀಲವ್ವ ಆಧಾರ್ ಕಾರ್ಡಿನ ಝೆರಾಕ್ಸ್ ಬೇಕೆಂದು ಅಂಗಡಿಗೆ ಬಂದಳು. ಬಿಸಿಲು ಜೋರಿತ್ತು, ಗಿರಾಕಿಗಳು ಯಾರೂ ಇರಲಿಲ್ಲ. ನಾನು ಝೆರಾಕ್ಸ್ ತೆಗೆದುಕೊಟ್ಟು, ಕೆಳಗಿನ ಕಪಾಟಿನಿಂದ ಗಂಟು ತೆಗೆದು ಆಕೆಯ ಮುಂದೆ ಬಿಚ್ಚಿದೆ. ನೀಲವ್ವ ಬಹಳ ಹೊತ್ತು ನೋಡಿದಳು. ರಸ್ತೆಯ ಕಡೆ ಒಮ್ಮೆ ತಿರುಗಿ, ಮಷಿನ್ನಿನ ಹಿಂದೆ, ಹೊರಗಿನವರಿಗೆ ಕಾಣದ ಮೂಲೆಗೆ ಹೋಗಿ ನಿಂತಳು. ಸೆರಗಿನಿಂದ ಪಾದ ಒರೆಸಿಕೊಂಡಳು. ಮೊದಲು ಬಲಗಾಲು, ಆಮೇಲೆ ಗಂಟಿನ ಎಡಗಾಲು ಒಳಗಿಟ್ಟಳು. ವರ್ಷಗಟ್ಟಲೆ ಬಿಸಿಲು ತುಳಿದು ಅಗಲವಾಗಿ, ಬೆರಳು ಚೆದರಿಹೋದ ಪಾದಗಳವು. ಮಾಲವ್ವ ಹಳೆಯ ಅಳತೆಗೆ ಮಾಡಿರಲಿಲ್ಲ. ಗೋಡೆಗೆ ಮುಖ ಮಾಡಿ ಕೂತೇ ಈ ಪಾದಗಳ ಅಳತೆ ತೆಗೆದಿದ್ದಳು.

"ಸರಿ ಅದಾವ" ಎಂದಳು ನೀಲವ್ವ.

ಹಾಗೆಯೇ ಸ್ವಲ್ಪ ಹೊತ್ತು ನಿಂತಿದ್ದಳು. ಆಮೇಲೆ ಕಳಚಿ, ಬಗ್ಗಿ ಎರಡನ್ನೂ ಜೋಡಿಸಿ ಗೋಡೆಗೆ ತಾಗಿಸಿ ಇಟ್ಟಳು.

"ಎಣ್ಣಿ ಹಚ್ಚಾಕತ್ತೀದೇನ ತಮ್ಮಾ?"

"ಹೌದ್ರಿ ಅವ್ವಾರ."

"ಹಚ್ಚಿಕೋತ ಇರು" ಎಂದು ಝೆರಾಕ್ಸ್ ಹಾಳೆ ಮಡಚಿಕೊಂಡು ಮೆಟ್ಟಿಲಿಳಿದಳು. ಕಾದ ರಸ್ತೆಗೆ ಕಾಲಿಟ್ಟು, ಅಂಚಿನ ಮಣ್ಣು ಹಿಡಿದು, ಬೆರಳು ಮಡಚಿ ನಡೆದಳು. ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತ ನಿಂತೆ. ಆಮೇಲೆ ನೆನಪಾಯಿತು, ಅಷ್ಟು ಹೊತ್ತು ಅಂಗಡಿಯಲ್ಲಿದ್ದ ಆಕೆಯ ಮುಖವನ್ನು ನಾನು ಒಂದು ಸಲವೂ ನೋಡಿರಲಿಲ್ಲ.